ಹುದ್ದೆಗೆ ಮೀರಿದ ತಂಪು

ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ ಎಂಬ ವಿಷಯವನ್ನು ಕಟ್ಟಡ ಸುರಕ್ಷತಾ ಇಲಾಖೆಯು ಆ ಬೇಸಿಗೆಯವರೆಗೂ ಅಧಿಕೃತವಾಗಿ ಗಣನೆಗೆ ತೆಗೆದುಕೊಂಡಿರಲಿಲ್ಲ. ಅದರ ಅಗತ್ಯ ಬಿದ್ದದ್ದು ನಿರ್ದೇಶಕರಿಗೆ ಹೊಸ ಕಾರು ಬಂದ ಮೇಲೆ.

ಕಾರು ಒಳ್ಳೆಯದೇ. ಮುಂದಿನ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ, ಅಂಗಿಯ ಗುಂಡಿಯಷ್ಟು ದೊಡ್ಡ ಕಪ್ಪು ಸೆನ್ಸರ್ ಒಂದಿತ್ತು. ಬಿಸಿಲು ಯಾವ ಕಡೆಯಿಂದ, ಎಷ್ಟು ಜೋರಾಗಿ ಬೀಳುತ್ತಿದೆ ಎಂದು ಅದು ನೋಡಿಕೊಳ್ಳುತ್ತಿತ್ತು. ಬಿಸಿಲು ಬಿದ್ದ ಕಡೆ ಏಸಿ ತಾನಾಗಿಯೇ ಹೆಚ್ಚು ತಣ್ಣನೆಯ ಗಾಳಿ ಬಿಡುತ್ತಿತ್ತು. ಯಾರೂ ಏನನ್ನೂ ಮುಟ್ಟಬೇಕಾಗಿರಲಿಲ್ಲ, ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ನಿರ್ದೇಶಕರ ಮನೆ ಊರಿನ ದಕ್ಷಿಣಕ್ಕಿತ್ತು, ಕಚೇರಿ ಉತ್ತರಕ್ಕೆ. ಬೆಳಿಗ್ಗೆ ಕಚೇರಿಗೆ ಹೋಗುವಾಗ ಬಿಸಿಲು ಕಾರಿನ ಬಲಗಡೆ. ಸಂಜೆ ಮನೆಗೆ ಮರಳುವಾಗಲೂ ಬಲಗಡೆಯೇ. ಬಲಗಡೆ ಕೂರುವವನು ಚಾಲಕ. ನಿರ್ದೇಶಕರು ನಿಯಮದ ಪ್ರಕಾರ ಹಿಂದಿನ ಸೀಟಿನ ಎಡಗಡೆ ಕೂರತಕ್ಕವರು.

ಒಂದು ಬೆಳಿಗ್ಗೆ ನಿರ್ದೇಶಕರು ಪತ್ರಿಕೆಯಿಂದ ತಲೆಯೆತ್ತಿದಾಗ, ಚಾಲಕನ ಕಿವಿಯ ಮೇಲಿನ ಕೂದಲು ಹಾರುತ್ತಿರುವುದು ಕಂಡಿತು. ತಮ್ಮ ತಲೆಯನ್ನು ಮುಟ್ಟಿ ನೋಡಿಕೊಂಡರು. ಇದ್ದಷ್ಟು ಕೂದಲೂ ಅಲುಗಾಡದೆ ಕೂತಿತ್ತು.

“ಏನಯ್ಯಾ, ನಿನಗೆ ಅಷ್ಟೊಂದು ಗಾಳಿ ಬರ್ತಿದೆ?”

“ಬಿಸಿಲು ನನ್ನ ಮೇಲೆ ಬೀಳ್ತಿದೆ ಸಾರ್.”

“ಬಿದ್ದರೆ?”

“ಗಾಳಿನೂ ನನ್ನ ಮೇಲೇ ಬೀಳುತ್ತೆ ಸಾರ್. ದೇವರಾಣೆ, ನಾನೇನೂ ಮುಟ್ಟಿಲ್ಲ.”

ಮಧ್ಯಾಹ್ನದೊಳಗೆ ಕಚೇರಿಯ ಅಧೀಕ್ಷಕರು ಚಾಲಕನಿಗೆ ನೋಟಿಸು ಕೊಟ್ಟರು. “ಸದರಿ ನೌಕರರು ತಮ್ಮ ಹುದ್ದೆಗೆ ಮೀರಿದ ತಂಪನ್ನು ಕರ್ತವ್ಯದ ವೇಳೆಯಲ್ಲಿ ಅನುಭವಿಸಿರುವುದು ಮೇಲಧಿಕಾರಿಗಳ ಗಮನಕ್ಕೆ ಬಂದಿದ್ದು, ಅವರ ವಿರುದ್ಧ ಶಿಸ್ತು ಕ್ರಮವನ್ನು ಏಕೆ ಜರುಗಿಸಬಾರದು ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು.”

ಚಾಲಕ ನೋಟಿಸನ್ನು ಎರಡು ಸಲ ಓದಿದ. ಇಷ್ಟು ವರ್ಷದ ಕೆಲಸದಲ್ಲಿ ಒಂದು ಗೀರು ಬೀಳದಂತೆ ಕಾರು ಓಡಿಸಿದವನು ಅವನು. ಮನೆಗೆ ಹೋದವನೇ ಹೆಂಡತಿಗೆ ನೋಟಿಸು ತೋರಿಸಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಓದಿದಳು.

“ನಿಜ ಹೇಳಿ. ತಂಪು ಅನುಭವಿಸಿದಿರಾ?”

“ಅದೇ ಗೊತ್ತಾಗಲಿಲ್ಲ ಕಣೇ. ಬಿಸಿಲೂ ಇತ್ತು, ಗಾಳಿನೂ ಇತ್ತು. ಅದಕ್ಕೂ ಇದಕ್ಕೂ ಸರಿಹೋಯ್ತು.”

“ಮತ್ತೆ ಅದನ್ನೇ ಬರೆದುಕೊಡಿ.”

ಅವನು ಹಾಗೆಯೇ ಬರೆದುಕೊಟ್ಟ. ಬಿಸಿಲು ಬಿದ್ದದ್ದು ನಿಜವೆಂದೂ, ಅದನ್ನು ತಾನು ಕರೆದಿರಲಿಲ್ಲವೆಂದೂ ಸೇರಿಸಿದ.

ಉತ್ತರವನ್ನು ಪರಿಶೀಲಿಸಲು ಕಾರು ಕಂಪನಿಯ ತಂತ್ರಜ್ಞನನ್ನು ಕರೆಸಲಾಯಿತು. ಅವನು ಬಂದು, ಸೆನ್ಸರಿನ ಮೇಲೆ ಒಮ್ಮೆ ಅಂಗೈ ಮುಚ್ಚಿ, ಒಮ್ಮೆ ತೆಗೆದು, ಗಾಳಿ ಏರಿಳಿಯುವುದನ್ನು ತೋರಿಸಿ ಹೆಮ್ಮೆಯಿಂದ ಕೈ ಒರೆಸಿಕೊಂಡ.

“ಎಲ್ಲಾ ಸರಿಯಾಗಿದೆ ಸಾರ್. ಬಿಸಿಲಲ್ಲಿ ಕೂತವರಿಗೆ ಸೆಕೆ ಜಾಸ್ತಿ ಅಲ್ವಾ? ಅದಕ್ಕೇ ಅವರಿಗೆ ಗಾಳಿನೂ ಜಾಸ್ತಿ. ಕೊನೆಗೆ ಆ ಕಡೆಯವರಿಗೂ ಈ ಕಡೆಯವರಿಗೂ ಒಂದೇ ಥರ ಹಿತವಾಗಿರುತ್ತೆ.”

“ಅಂದರೆ, ಅವನಿಗೂ ನನಗೂ ಒಂದೇ ಥರ?” ಎಂದರು ನಿರ್ದೇಶಕರು.

“ಒಂದು ಚೂರೂ ವ್ಯತ್ಯಾಸ ಇರಲ್ಲ ಸಾರ್!”

ನಿರ್ದೇಶಕರು ಅಧೀಕ್ಷಕರ ಕಡೆ ತಿರುಗಿದರು. “ದೋಷ ಇದೇ ಅಂತ ಬರೆದುಕೊಳ್ಳಿ.”

ಏಸಿಯ ‘ಆಟೋ’ ಗುಂಡಿ ಆರಿಸಿ ಗಾಳಿಯನ್ನು ಕೈಯಿಂದಲೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು ಎಂದು ತಂತ್ರಜ್ಞ ಸೂಚಿಸಿದ. ಕಾರನ್ನು ಸ್ವಯಂಚಾಲಿತ ಎಂದು ಮಂಜೂರು ಮಾಡಿಸಿಕೊಂಡಿರುವುದರಿಂದ ಕೈಯಿಂದ ಬಳಸಿದರೆ ದುರ್ಬಳಕೆಯಾಗುತ್ತದೆ ಎಂದರು ಅಧೀಕ್ಷಕರು. ಹಾಗಾದರೆ ಸಾಹೇಬರು ಬಲಗಡೆ ಕೂತರಾಯಿತು ಎಂದ ತಂತ್ರಜ್ಞ. ಅಲ್ಲಿದ್ದವರೆಲ್ಲ ಅವನನ್ನು ಮರುಕದಿಂದ ನೋಡಿದರು. ಅವನು ತನ್ನ ಚೀಲ ತೆಗೆದುಕೊಂಡು ಹೋದ.

ಅಂದಿನಿಂದ ನಿರ್ದೇಶಕರು ಮನೆಯಿಂದ ದಕ್ಷಿಣದ ಕಡೆಗೆ ಮಾತ್ರ ಪ್ರಯಾಣ ಮಾಡತೊಡಗಿದರು. ಆ ಕಡೆಗೆ ಬೆಳಿಗ್ಗೆ ಹೋಗಿ ಸಂಜೆ ಬಂದರೆ ಬಿಸಿಲು ಎರಡೂ ಹೊತ್ತು ಎಡಗಡೆ. ಕಡತಗಳನ್ನು ಅವರಿದ್ದಲ್ಲಿಗೇ ಕಳಿಸಲಾಗುತ್ತಿತ್ತು. ಊರಿನ ದಕ್ಷಿಣದಲ್ಲಿದ್ದ ಕಟ್ಟಡಗಳೆಲ್ಲ ತಪಾಸಣೆಯಾದವು. ಗಟ್ಟಿಯಾಗಿದ್ದವು ಎರಡೆರಡು ಸಲ ಆದವು. ಕೊನೆಗೆ ಒಬ್ಬ ನಿವೃತ್ತ ವೈದ್ಯರ ಹಿತ್ತಲಿನ ಪಾರಿವಾಳದ ಗೂಡಿಗೂ ಸುರಕ್ಷತಾ ಪತ್ರ ಸಿಕ್ಕಿತು.

ಉತ್ತರದ ತುದಿಯಲ್ಲಿ ಒಂದು ಶಾಲೆಯಿತ್ತು. ಅದರ ಅಂಗಳದ ಕಡೆಯ ಗೋಡೆ ಬಿರುಕು ಬಿಟ್ಟು, ಹೆಂಚಿನ ಮಾಡು ಒಂದು ಕಡೆ ಜೋತುಬಿದ್ದಿತ್ತು. ಮಕ್ಕಳನ್ನು ಮುಖ್ಯೋಪಾಧ್ಯಾಯಿನಿ ಅಂಗಳದ ಮರದಡಿ ಕೂರಿಸಿ ಪಾಠ ಮಾಡಿಸುತ್ತಿದ್ದರು. ನೆರಳು ಸರಿದ ಹಾಗೆ ತರಗತಿಯೂ ಸರಿಯುತ್ತಿತ್ತು. ನಿರ್ದೇಶಕರೇ ಖುದ್ದಾಗಿ ಬಂದು ಕಟ್ಟಡ ಅಪಾಯಕರವೆಂದು ಬರೆದುಕೊಡದ ಹೊರತು ಹೊಸ ಕಟ್ಟಡ ಸಿಗುವಂತಿರಲಿಲ್ಲ. ಅದಕ್ಕಾಗಿ ಆಕೆ ಕಚೇರಿಗೆ ಅಲೆದೂ ಅಲೆದೂ, ಮೊಗಸಾಲೆಯ ಬೆಂಚಿನಲ್ಲಿ ಆಕೆಯ ಜಾಗವೆಂದೇ ಒಂದು ಜಾಗವಾಗಿತ್ತು.

“ನಿಮ್ಮ ಶಾಲೆ ಉತ್ತರದಲ್ಲಿದೆಯಲ್ಲ ಮೇಡಂ,” ಎಂದರು ಅಧೀಕ್ಷಕರು, ನಿಜವಾದ ಸಂಕಟದಿಂದ. “ದಕ್ಷಿಣದಲ್ಲಿದ್ದಿದ್ದರೆ ನಾಳೆಯೇ ಬರ್ತಿದ್ದರು.”

“ಶಾಲೆ ಕಟ್ಟೋವಾಗ ನನ್ನನ್ನ ಕೇಳಲಿಲ್ಲ ಸಾರ್.”

“ಸಾಹೇಬರು ಬೆಳಿಗ್ಗೆ ಉತ್ತರಕ್ಕೆ ಮುಖ ಮಾಡೋ ಹಾಗಿಲ್ಲ. ಬಿಸಿಲು ಚಾಲಕನಿಗೆ ಹೋಗುತ್ತೆ.”

“ಮಾಡು ಇವತ್ತೋ ನಾಳೆಯೋ ಅಂತಿದೆ! ಉತ್ತರಕ್ಕೆ ಮುಖ ಮಾಡೋಕೆ ಆಗಲ್ಲ ಅಂದರೆ, ಬೆನ್ನು ಹಾಕಿಕೊಂಡು ಬನ್ನಿ! ಹಿಮ್ಮುಖವಾಗಿ ಬನ್ನಿ! ಹೇಗಾದರೂ ಬನ್ನಿ!”

ಆಕೆ ಹೇಳಿದ್ದು ರೋಸಿಹೋಗಿ. ಅಧೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಸುತ್ತೋಲೆ ಮರುದಿನವೇ ಹೊರಬಿತ್ತು. ನಿರ್ದೇಶಕರ ಕಾರು ಉತ್ತರಕ್ಕೆ ಹೋಗುವಾಗ ದಕ್ಷಿಣಕ್ಕೆ ಮುಖ ಮಾಡಿಕೊಂಡು ಹಿಮ್ಮುಖವಾಗಿ ಚಲಿಸತಕ್ಕದ್ದು. ಮರಳುವಾಗ ಉತ್ತರಕ್ಕೆ ಮುಖ ಮಾಡಿಕೊಂಡು ಮರಳತಕ್ಕದ್ದು. ಹೀಗೆ ಚಲಿಸುವಾಗ ಚಾಲಕನು ಹಿಂದಕ್ಕೆ ತಿರುಗಿ ನೋಡುವುದು ಅನಿವಾರ್ಯವಾದ್ದರಿಂದ, ಅವನ ದೃಷ್ಟಿ ನಿರ್ದೇಶಕರ ಭುಜದ ಮೇಲಿಂದ ಹಾದು ಹೋಗತಕ್ಕದ್ದೇ ಹೊರತು ಮುಖದ ಮೇಲೆ ನಿಲ್ಲತಕ್ಕದ್ದಲ್ಲ.

ಮೊದಲ ದಿನ ಚಾಲಕ ಬೆವರಿ ನೀರಾದ. ಕಾರು ಆಮೆಯ ಹಾಗೆ ಹಿಂದಕ್ಕೆ ಸರಿಯಿತು. ಎದುರಿನವರು ಹಾರ್ನ್ ಬಾರಿಸಿದರು, ಬೈದರು. ಚೌಕದಲ್ಲಿ ಪೊಲೀಸಿನವನು ತಡೆದ. ಸುತ್ತೋಲೆ ತೋರಿಸಿದ ಮೇಲೆ ಹಿಂಬದಿಯ ದೀಪಗಳಿಗೆ ಸೆಲ್ಯೂಟ್ ಹೊಡೆದು ಬಿಟ್ಟ. ಸೆನ್ಸರ್ ಮಾತ್ರ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಬಿಸಿಲು ಎಡಗಡೆ ಬಿತ್ತು, ತಣ್ಣನೆಯ ಗಾಳಿಯೂ ಎಡಗಡೆ ಬಂತು. ನಿರ್ದೇಶಕರಿಗೆ ಬಿಸಿಲಿನ ಸೆಕೆ ಹೆಚ್ಚಾಗಿ, ಗಾಳಿಯೂ ಹೆಚ್ಚಾಗಿ, ಹಿತ ಮೊದಲಿನಷ್ಟೇ ಇತ್ತು. ಆದರೆ ಕೂದಲು ಹಾರಿತು. ಅವರ ಮುಖ ಅರಳಿತು.

ದಿನವೂ ಮುಖಾಮುಖಿಯಾಗಿ ಪ್ರಯಾಣ ಮಾಡಿದ ಮೇಲೆ ಇಬ್ಬರೂ ಸುಮ್ಮನಿರುವುದು ಕಷ್ಟವಾಯಿತು.

“ನಿನಗೆ ಮೀಸೆ ಇದೆಯಲ್ಲಯ್ಯಾ,” ಎಂದರು ನಿರ್ದೇಶಕರು ಒಂದು ದಿನ.

“ಕೆಲಸಕ್ಕೆ ಸೇರಿದಾಗಿನಿಂದ ಇದೆ ಸಾರ್.”

“ಕತ್ತು ಯಾಕೆ ಹಾಗೆ ಓರೆ ಆಗಿದೆ?”

“ತಿರುಗಿ ತಿರುಗಿ ಹಿಡಿದುಕೊಂಡಿದೆ ಸಾರ್. ರಾತ್ರಿ ಹೆಂಡತಿ ಎಣ್ಣೆ ಹಚ್ಚಿ ತಿಕ್ಕುತ್ತಾಳೆ.”

ನಿರ್ದೇಶಕರಿಗೆ ಅಯ್ಯೋ ಅನ್ನಿಸಿತು. ಆ ವಾರವೇ ಚಾಲಕನ ಮೇಲಿನ ಶಿಸ್ತು ಕ್ರಮವನ್ನು ಕೈಬಿಟ್ಟರು. ಹೆಚ್ಚುವರಿ ತಂಪಿನ ಆಪಾದನೆಯಿಂದ ಅವನನ್ನು ಮುಕ್ತಗೊಳಿಸಿ, ಸದರಿ ತಂಪು ಈಗ ಮೇಲಧಿಕಾರಿಗಳ ವಶದಲ್ಲಿದೆ ಎಂದು ಆದೇಶಿಸಲಾಯಿತು. ಕತ್ತಿನ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲ. ಆದರೂ ಚಾಲಕನ ಹೆಂಡತಿ ಅಂದು ನೆಮ್ಮದಿಯಿಂದ ನಿಟ್ಟುಸಿರು ಬಿಟ್ಟಳು.

ಶಾಲೆಯ ತಪಾಸಣೆಯ ದಿನ ಬಂತು. ಮುಖ್ಯೋಪಾಧ್ಯಾಯಿನಿ ಮಕ್ಕಳನ್ನೆಲ್ಲ ಮರದಡಿ ಸಾಲಾಗಿ ನಿಲ್ಲಿಸಿದ್ದರು. ಕಾರು ಹಿಮ್ಮುಖವಾಗಿ ಗೇಟು ದಾಟಿ ಅಂಗಳಕ್ಕೆ ಬಂತು. ಆ ಹೊತ್ತಿಗೆ ಸರಿಯಾಗಿ, ಕಟ್ಟಡ ಹೇಗಿದೆ ನೋಡೋಣವೆಂದು ನಿರ್ದೇಶಕರು ಸೀಟಿನಲ್ಲಿ ಎದ್ದು ಹಿಂದಿನ ಗಾಜಿಗೆ ಮುಖವಿಟ್ಟರು. ಚಾಲಕನಿಗೆ ಅವರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

“ಸಾರ್, ಸ್ವಲ್ಪ ಬಗ್ಗಿ ಸಾರ್!”

“ಏನಂದೆ?”

ಕಾರಿನ ಹಿಂಭಾಗ ಬಿರುಕು ಬಿಟ್ಟ ಗೋಡೆಗೆ ಮೆಲ್ಲಗೆ ತಾಗಿತು. ಗೋಡೆ ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಮಾಡಿನ ಸಮೇತ ಒಳಕ್ಕೆ ಕುಸಿಯಿತು. ಧೂಳು ಎದ್ದಿತು. ಮುಖ್ಯೋಪಾಧ್ಯಾಯಿನಿ ಓಡಿಬಂದು ಮಕ್ಕಳ ತಲೆಯನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಯಾರಿಗೂ ಏನೂ ಆಗಿರಲಿಲ್ಲ. ಆಕೆ ಅಲ್ಲೇ ಕುಸಿದು ಕೂತು ಅತ್ತರು.

ನಿರ್ದೇಶಕರು ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ, ತಂಪು ಹೊರಹೋಗದಂತೆ ಮಾತಾಡಿದರು. “ಅಳಬೇಡಿ ಅಮ್ಮಾ. ತಪಾಸಣೆ ಮುಗೀತು.”

ವರದಿ ಚಿಕ್ಕದಾಗಿತ್ತು. ಕಟ್ಟಡವು ಇಲಾಖೆಯ ಭೇಟಿಯನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ, ಅದನ್ನು ಅಪಾಯಕರವೆಂದು ಘೋಷಿಸಲಾಗಿದೆ. ಈ ವಿಧಾನ ನೋಟಕ್ಕಿಂತ ಖಚಿತವಾದ್ದರಿಂದ ಮುಂದೆಯೂ ಅನುಸರಿಸತಕ್ಕದ್ದು.

ಹೊಸ ಕಟ್ಟಡ ಮಂಜೂರಾಯಿತು. ಅದು ಮುಗಿಯುವಷ್ಟರಲ್ಲಿ ಬೇರೆ ಇಲಾಖೆಗಳವರೂ ಹಿಮ್ಮುಖವಾಗಿ ಓಡಾಡತೊಡಗಿದ್ದರು. ಅವರ ಹಳೆಯ ಕಾರುಗಳಲ್ಲಿ ಬಿಸಿಲು ನೋಡುವ ಸೆನ್ಸರ್ ಇರಲಿಲ್ಲ. ಕೆಲವರ ಏಸಿ ಕೆಟ್ಟೇ ಹೋಗಿತ್ತು. ಆದರೂ ಮುಂದಕ್ಕೆ ಹೋಗುವುದು ಸಣ್ಣ ಹುದ್ದೆಯವರ ಲಕ್ಷಣವೆಂದು ಊರಿನಲ್ಲಿ ಮಾತಾಗಿತ್ತು. ಮದುವೆಗೆ ಗಂಡು ನೋಡುವವರು, ಹುಡುಗ ಯಾವ ಗೇರಿನಲ್ಲಿ ಆಫೀಸಿಗೆ ಹೋಗುತ್ತಾನೆ ಎಂದು ವಿಚಾರಿಸುತ್ತಿದ್ದರು.

ಉದ್ಘಾಟನೆಯ ದಿನ ನಿರ್ದೇಶಕರು ಬಂದರು. ಜನ ಚಪ್ಪಾಳೆ ತಟ್ಟಿದ್ದು ಮೊದಲು ಒಳಬಂದ ಕಾರಿನ ಡಿಕ್ಕಿಗೆ. ಅವರು ಹೋದ ಮೇಲೆ ಮುಖ್ಯೋಪಾಧ್ಯಾಯಿನಿ ಸುಣ್ಣದ ವಾಸನೆ ಆರದ ಹೊಸ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿ, ಬೋರ್ಡಿನ ಮೇಲೆ ಒಂದು ಕಾರು ಬರೆದರು.

“ಕಾರಿನ ಮುಂಭಾಗ ಯಾವುದು?”

ಎಲ್ಲರೂ ಡಿಕ್ಕಿ ತೋರಿಸಿದರು. ಎರಡನೇ ಸಾಲಿನಲ್ಲಿ ಕೂತಿದ್ದ, ಹೊಸದಾಗಿ ಬೇರೆ ಊರಿನಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು ಮಾತ್ರ ಎದ್ದು, “ಸ್ಟೇರಿಂಗ್ ಇರೋ ಕಡೆ, ಮಿಸ್,” ಎಂದಳು.

ಮಕ್ಕಳು ಗೊಳ್ಳೆಂದು ನಕ್ಕರು. ಮುಖ್ಯೋಪಾಧ್ಯಾಯಿನಿ ಅವರನ್ನು ಸುಮ್ಮನಾಗಿಸಿ, ತಲೆಯ ಮೇಲಿನ ಗಟ್ಟಿ ಮಾಡನ್ನು ಒಮ್ಮೆ ನೋಡಿದರು. ಆಮೇಲೆ ಹುಡುಗಿಯ ಬಳಿ ಹೋಗಿ ಬೆನ್ನು ಸವರಿದರು.

“ಪರವಾಗಿಲ್ಲ ಕಂದಾ,” ಎಂದರು, “ನಿಧಾನಕ್ಕೆ ಅಭ್ಯಾಸ ಆಗುತ್ತೆ.”