ಹತ್ತು ಲಕ್ಷದ ಮೇಲೊಂದು

ಸುಳ್ಳು ಹೇಳದವರು ಯಾರಿದ್ದಾರೆ? ಆದರೆ ಕೂತ ಜಾಗದಲ್ಲೇ ನೂರ ನಲವತ್ತಮೂರು ಸುಳ್ಳು ಬರೆದವನು ಇಳಕಲ್ಲಿನಲ್ಲಿ ನಾನೊಬ್ಬನೇ ಇರಬೇಕು. ಅಕ್ಕ ನನಗೆ ಒಪ್ಪಿಸಿದ ಅಷ್ಟೂ ಭಾಗಾಕಾರಗಳಲ್ಲಿ ನಾನು ಒಂದನ್ನೂ ಮಾಡಲಿಲ್ಲ.

ನಾನು ಆರನೆಯ ಇಯತ್ತೆಗೆ ಸಾಲೆ ಬಿಟ್ಟವನು. ಗಣಿತ ನನ್ನನ್ನು ಬಿಟ್ಟದ್ದು ಅದಕ್ಕೂ ಮೊದಲು. ಮಗ್ಗದ ಕೆಲಸಕ್ಕೆ ಕೈ ಬೇಕೆಂದು ಅಕ್ಕ ಏಳನೆಯದಕ್ಕೆ ಬಿಟ್ಟಳು, ಗಣಿತ ಮಾತ್ರ ಅವಳನ್ನು ಬಿಡಲಿಲ್ಲ. ಸೀರೆಯ ಎಳೆ ಎಣಿಸುವಾಗಲೂ ಅದು ಮೂರರಿಂದ ಭಾಗ ಹೋಗುತ್ತದೋ ಏಳರಿಂದಲೋ ಎಂಬುದೇ ಚಿಂತೆ. ಊಟಕ್ಕೆ ಕೂತರೆ, "ತಮ್ಮಾ, ಸಾವಿರದ ಒಂದು ಏಳರಿಂದ ಹೋಗ್ತೈತಿ, ಗೊತ್ತೇನು?" ಎನ್ನುವಳು. ನನಗೆ ಗೊತ್ತಿದ್ದದ್ದು ಸಾರು ಮುಗಿಯುತ್ತಿದೆ ಎಂಬುದಷ್ಟೇ.

ಒಂದು ದಿನ ಅಕ್ಕನ ಲೆಕ್ಕದ ಹುಚ್ಚು ಕೇಳಿ ನಾವು ಬಿಟ್ಟ ಸಾಲೆಯ ಹೆಡ್ ಮಾಸ್ತರರು ಮನೆಗೆ ಬಂದರು. "ಅಕ್ಕಾರ, ಬರೂ ಶನಿವಾರ ಹುಡುಗರಿಗೆ ಒಂದು ದೊಡ್ಡ ಸಂಖ್ಯೆದ ಗುಣ ಹೇಳ್ರಿ. ಚಲೋ ಆತಂದ್ರ ವಾರಕ್ಕೊಂದು ತಾಸು ಕಲಸಾಕ ನಿಮಗ ಕೊಡ್ತೇವಿ."

ಅಕ್ಕ ಆರಿಸಿದ್ದು ಹತ್ತು ಲಕ್ಷದ ಮೇಲೊಂದು: 10,00,001. ಇದು ಅವಿಭಾಜ್ಯ ಎಂದು ಅವಳ ಗುಮಾನಿ. ಖಾತ್ರಿಯಾಗಬೇಕಾದರೆ ಸಾವಿರದೊಳಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ, ಪ್ರತಿ ಸಲ ಶೇಷ ಉಳಿಯುವುದನ್ನು ನೋಡಬೇಕು. ನೂರರೊಳಗಿನ ಇಪ್ಪತ್ತೈದನ್ನು ಅವಳೇ ಮುಗಿಸಿದಳು. ಮಗ್ಗದ ಮೇಲೆ ಮುಗಿಸಬೇಕಾದ ಸೀರೆಯಿತ್ತು. ಉಳಿದ ನೂರ ನಲವತ್ತಮೂರರ ಪಟ್ಟಿ ನನ್ನ ಕೈಗೆ ಬಂತು. "ಮೊಬೈಲ್ ಮುಟ್ಟಬ್ಯಾಡ. ಕೈಲೇ ಮಾಡು."

ಮೊಬೈಲನ್ನೂ ಮುಟ್ಟಲಿಲ್ಲ, ಕೈಯಿಂದಲೂ ಮಾಡಲಿಲ್ಲ. ಹುನಗುಂದದ ಬಸ್ಸಿನಲ್ಲಿ ಕೂತು ಎಲ್ಲದರ ಮುಂದೆ 'ಹೋಗುವುದಿಲ್ಲ' ಎಂದು ಬರೆದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಸೊಟ್ಟಗಾದವು. ಅಕ್ಕ ಅದನ್ನು ನೋಡಿ, "ಕೈ ನಡಗೂತನಾ ಬರದೀಯಲ್ಲೋ!" ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ.

ಶನಿವಾರ ಅಕ್ಕ ತಾನೇ ನೇಯ್ದ ಸೀರೆಯುಟ್ಟು ಹಲಗೆಯ ಮುಂದೆ ನಿಂತಳು. ನಾನು ಬಾಗಿಲ ಬಳಿ ಇದ್ದೆ. "ಇದನ್ನ ಯಾವ ಸಂಖ್ಯೆಗೂ ಒಡಿಯಾಕ ಆಗೂದಿಲ್ಲ" ಎಂದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಪಾಟಿಯಿಂದ ತಲೆ ಎತ್ತಿ, "ಅಕ್ಕಾರ, ನೂರಾ ಒಂದರಿಂದ ಹೋಗ್ತೈತ್ರಿ!" ಎಂದಳು.

ನೂರ ಒಂದು. ನನ್ನ ಪಟ್ಟಿಯ ಮೊಟ್ಟಮೊದಲ ಸಂಖ್ಯೆ. ಒಂದೇ ಒಂದು ಭಾಗಾಕಾರ ಮಾಡಿದ್ದರೂ ಸಾಕಿತ್ತು.

ಅಕ್ಕ ಹಲಗೆಯ ಮೇಲೆ ಭಾಗಿಸಿದಳು. 9901 ಬಂತು, ಶೇಷ ಸೊನ್ನೆ. ಹುಡುಗರು ನಕ್ಕರು. "ತಪ್ಪು ನಂದು" ಎಂದು ಅಕ್ಕ ಸುಣ್ಣದ ಕಡ್ಡಿ ಕೆಳಗಿಟ್ಟಳು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ವಾರದ ತಾಸಿನ ಮಾತನ್ನು ಮಾಸ್ತರರು ಮತ್ತೆ ಎತ್ತಲಿಲ್ಲ.

ಬೈದಿದ್ದರೆ ಬದುಕುತ್ತಿದ್ದೆ. ದಾರಿಯಲ್ಲಿ ಅವಳೇ ನನ್ನನ್ನು ಸಮಾಧಾನ ಮಾಡಿದಳು: "ಅಷ್ಟರಾಗ ಒಂದು ತಪ್ಪಿದ್ರ ಏನಾತೋ? ನೀ ಪಾಪ ಭಾಳ ದುಡದಿ. ನಾ ಒಮ್ಮೆ ತಿರುಗಿ ನೋಡಬೇಕಿತ್ತು."

ಅಂದಿನಿಂದ ಊಟದಲ್ಲಿ ಸಂಖ್ಯೆಗಳಿಲ್ಲ. ಬರೀ ಸಾರು. ಅದೂ ಈಗ ಉಳಿಯುತ್ತದೆ.

ತಡೆಯಲಾರದೆ ಒಂದು ವಹಿ ತಂದು ಭಾಗಿಸಲು ಕೂತೆ. ತಿಂಗಳೇ ಹಿಡಿಯಿತು. ನೂರ ಒಂದನ್ನು ಬಿಟ್ಟು ಉಳಿದ ಯಾವುದರಿಂದಲೂ ಆ ಸಂಖ್ಯೆ ಹೋಗಲಿಲ್ಲ. ಅಂದರೆ ನನ್ನ ನೂರ ನಲವತ್ತಮೂರು ಸುಳ್ಳುಗಳಲ್ಲಿ ನೂರ ನಲವತ್ತೆರಡು ಖರೆಯಾಗಿದ್ದವು. ಇಷ್ಟು ಸತ್ಯವಂತ ಸುಳ್ಳುಗಾರ ಇನ್ನೊಬ್ಬನಿರಲಾರ ಎನಿಸಿ ಅಳು ಬಂತು.

ವಹಿಯನ್ನು ಮಗ್ಗದ ಮೇಲಿಟ್ಟೆ. ಅಕ್ಕ ಲಾಳಿ ನಿಲ್ಲಿಸಿ ಒಂದೊಂದೇ ಹಾಳೆ ತಿರುವಿದಳು. "ಎಲ್ಲಾ ಬರೋಬ್ಬರಿ ಐತಲ್ಲೋ! ಮತ್ತೊಮ್ಮೆ ಯಾಕ ಮಾಡಿದಿ?"

"ಮತ್ತೊಮ್ಮೆ ಅಲ್ಲಕ್ಕಾ, ಇದು ಮೊದಲನೇ ಸಲ. ಅವತ್ತು ಬಸ್ಸಿನ್ಯಾಗ ಕುಂತು ಸುಮ್ನ ಬರದಿದ್ದೆ. ತಪ್ಪಾತು."