ಹಿಲ್ಡಾ ಕಳೆ ಕಿತ್ತ ಸಾಲು

ಆ ಶನಿವಾರ ಬೆಳಿಗ್ಗೆ ಕ್ಲೆಮ್ ಲೆಗಟ್ ಬೀನ್ಸ್ ಸಾಲನ್ನು ಅಗೆಯದೆ ಮನೆಯಲ್ಲೇ ಚಹಾ ಕುಡಿಯುತ್ತ ಕೂತಿದ್ದರೆ ಅವನ ನೆಮ್ಮದಿಗೆ ಏನೂ ಆಗುತ್ತಿರಲಿಲ್ಲ. ಅಗೆದ. ಮಣ್ಣಿನ ಹೆಂಟೆಯ ಜೊತೆ ತೆಳ್ಳಗೆ ಸವೆದ ಪುಟ್ಟ ಬೆಳ್ಳಿ ನಾಣ್ಯವೊಂದು ಎದ್ದು ಬಂತು. ಒಂದು ಕಡೆ ಯಾವನೋ ಎಡ್ವರ್ಡ್ ದೊರೆ, ಮೂಗು ಮಾಯ. ಇನ್ನೊಂದು ಕಡೆ ಶಿಲುಬೆ. ಅದರ ಸುತ್ತ ಟಂಕಸಾಲೆಯ ಊರಿನ ಹೆಸರು ಇರಬೇಕಾದಲ್ಲಿ ಬಹುಪಾಲು ನುಣ್ಣಗಾಗಿತ್ತು.

ಆ ನುಣುಪಿನಲ್ಲೂ ಕ್ಲೆಮ್‌ನ ಮನಸ್ಸು ‘ಡರ್ಹಮ್’ ಎಂದೇ ಓದಿಕೊಂಡಿತು. ತೀರಿಕೊಂಡು ಮೂರು ವರ್ಷವಾದ ಹೆಂಡತಿ ಹಿಲ್ಡಾಳ ತವರು ಅದು, ಉತ್ತರದ ಗುಡ್ಡಗಾಡು. ಮದುವೆಯಾದಾಗ, ಎರಡೇ ವರ್ಷ, ಆಮೇಲೆ ನಿಮ್ಮೂರಿಗೇ ಹೋಗಿಬಿಡೋಣ ಎಂದು ಮಾತು ಕೊಟ್ಟಿದ್ದ. ಎರಡು ನಲವತ್ತಾಯಿತು. ಗುಡ್ಡವೊಂದನ್ನು ನೋಡಲು ಬಾಯಿಬಿಡುತ್ತಿದ್ದವಳು ಲಿಂಕನ್‌ಶೈರ್‌ನ ನಮ್ಮ ಈ ಚಪ್ಪಟೆ ಬಯಲಲ್ಲೇ ಮಣ್ಣಾದಳು. ಅವನಿಗೆ ಉಳಿದಿದ್ದ ಒಂದೇ ಸಮಾಧಾನವೆಂದರೆ ಊರಾಚೆ ಬಾಡಿಗೆಗೆ ಹಿಡಿದಿದ್ದ ಈ ತುಂಡು ತೋಟ. ಹಿಡಿದ ದಿನ ಮುಖ ಊದಿಸಿಕೊಂಡಿದ್ದವಳು ಆಮೇಲೆ ಪ್ರತಿ ಭಾನುವಾರ ತಾನಾಗಿಯೇ ಬಂದು, ಇದೇ ಸಾಲಿನಲ್ಲಿ ಮಂಡಿಯೂರಿ ಕಳೆ ಕೀಳುತ್ತಿದ್ದಳು. ಕಳೆಯ ಜೊತೆ ಬೀನ್ಸ್ ಸಸಿಯನ್ನೂ ಕಿತ್ತುಹಾಕುವಷ್ಟು ಶ್ರದ್ಧೆ. ಕೊನೆಗೂ ಈ ನೆಲ ಅವಳಿಗೆ ಒಗ್ಗಿತು ಎಂದು ಕ್ಲೆಮ್ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಈಗ ಅದೇ ಸಾಲಿನಿಂದ ಡರ್ಹಮ್ ನಾಣ್ಯ ಎದ್ದಿದ್ದರೆ, ಅವಳು ತನ್ನನ್ನು ಕ್ಷಮಿಸಿದ್ದಾಳೆ ಎಂದೇ ಲೆಕ್ಕ.

ಪಕ್ಕದ ಮನೆಯ ಮ್ಯೂರಿಯಲ್ ಹಿಲ್ಡಾಳ ಜೀವದ ಗೆಳತಿ. ಬೀದಿಯಲ್ಲಿ ಯಾರ ಮನೆಯ ಹಾಲು ಒಡೆದರೂ ಅವಳಿಗೆ ಮೊದಲು ಗೊತ್ತಾಗಬೇಕು. ಮನೆಗೆ ಬಂದ ಕ್ಲೆಮ್ ತೋರಿಸಿದ ನಾಣ್ಯವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

“ಕೋಟಿನ ಗುಂಡಿ ಕಣೋ ಇದು. ಎಸೆದುಬಿಡು.”

ಕ್ಲೆಮ್ ಕೇಳಲಿಲ್ಲ. ಪ್ರತಿ ಶನಿವಾರ ಲಿಂಕನ್ ಮ್ಯೂಸಿಯಂನಲ್ಲಿ ಮಿಸ್ ಕ್ರೇಕ್ ಎಂಬಾಕೆ ಜನ ತಂದ ಹಳೆಯ ವಸ್ತುಗಳನ್ನು ನೋಡಿ ಹೇಳುತ್ತಿದ್ದಳು. ಅವನು ಒಳಗೆ ಹೋಗಿ ಕೋಟು ಹಾಕಿಕೊಂಡು ಬರುವಷ್ಟರಲ್ಲಿ ಮ್ಯೂರಿಯಲ್ ನಾಣ್ಯಕ್ಕೆ ಟೂತ್‌ಪೇಸ್ಟ್ ಹಚ್ಚಿ, ಹಳೆಯ ಬ್ರಷ್ಷಿನಿಂದ ಗಸಗಸ ಉಜ್ಜಿ, ಅಕ್ಷರಗಳ ಅಳಿದುಳಿದ ಗುರುತನ್ನೂ ತೆಗೆದಿದ್ದಳು. ಕೊಳೆಯಾಗಿತ್ತು, ತೊಳೆದೆ ಎಂದಳು. ಸಾಲದ್ದಕ್ಕೆ ಜೊತೆಗೂ ಹೊರಟಳು.

ಬಸ್ಸಿನಲ್ಲಿ ರಿಟೈರಾದ ಮೇಷ್ಟ್ರು ಸಿರಿಲ್ ಗಂಟುಬಿದ್ದ. ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಲಂಡನ್ನಿನದು, ಹೆಸರು ಕಾಣದಿದ್ದರೆ ಲಂಡನ್ ಅಂತಲೇ ತಿಳಿಯಬೇಕು ಎಂದು ಪಾಠ ಶುರುಮಾಡಿದ. ಕ್ಲೆಮ್ ಕಿತ್ತುಕೊಳ್ಳಲು ಹೋದ. ನಾಣ್ಯ ಉರುಳಿತು. ಇಡೀ ಬಸ್ಸು ಸೀಟುಗಳ ಕೆಳಗೆ ಮಂಡಿಯೂರಿ ಹುಡುಕಿತು. ಕೊನೆಗೆ ಅದು ಇದ್ದದ್ದು ಮ್ಯೂರಿಯಲ್‌ಳ ಬೂಟಿನಡಿ. ಕಾಲೆತ್ತು ಎಂದು ಅವಳಿಗೆ ಮೂರು ಸಲ ಹೇಳಬೇಕಾಯಿತು.

ಟೂತ್‌ಪೇಸ್ಟಿನ ವಿಷಯ ಕೇಳಿ ಮಿಸ್ ಕ್ರೇಕ್ ಕಣ್ಣು ಮುಚ್ಚಿಕೊಂಡಳು. ಆಮೇಲೆ ದೀಪವನ್ನು ಓರೆಯಾಗಿ ಹಿಡಿದು ತುಂಬ ಹೊತ್ತು ನೋಡಿದಳು.

“ನೋಡಿ ಮಿಸ್ಟರ್ ಲೆಗಟ್, ಶಿಲುಬೆಯ ಈ ಒಂದು ತೋಳು ತುದೀಲಿ ಬಾಗಿದೆ, ಬಿಷಪ್ ಕೈಯಲ್ಲಿರೋ ಕೋಲಿನ ಹಾಗೆ. ಡರ್ಹಮ್ ಬಿಷಪ್ ತನ್ನ ಟಂಕಸಾಲೇಲಿ ಹಾಕಿಸ್ತಿದ್ದ ಗುರುತು ಇದು. ಮಣ್ಣು ಮೆತ್ತಿದ್ದಿದ್ರೆ ನನಗೂ ಕಾಣ್ತಿರ್ಲಿಲ್ಲವೇನೋ. ಹಾಗಂತ ಟೂತ್‌ಪೇಸ್ಟನ್ನ ಹೊಗಳೋಕೆ ನನಗೆ ಮನಸ್ಸಿಲ್ಲ.”

ಒಂದು ಚೀಟಿ ಬರೆದುಕೊಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಕ್ಲೆಮ್‌ನ ಬಾಯಿ ನಿಲ್ಲಲಿಲ್ಲ. ನಾಣ್ಯವನ್ನು ಹಿಲ್ಡಾಳ ಸಮಾಧಿಯ ಕಲ್ಲಿನಲ್ಲಿ ಕೂರಿಸುತ್ತೇನೆ, ಕೆಳಗೆ ‘ಈ ನೆಲವನ್ನು ಪ್ರೀತಿಸಿದವಳು’ ಎಂದು ಕೆತ್ತಿಸುತ್ತೇನೆ ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿತು. ಮ್ಯೂರಿಯಲ್ ಮಾತೇ ಆಡದೆ ಕೂತಿದ್ದಳು. ನಲವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

“ಹಾಗೆಲ್ಲ ಕೆತ್ತಿಸಬೇಡ ಕಣೋ,” ಎಂದಳು ಕೊನೆಗೆ. “ಅದು ಅವಳದೇ ನಾಣ್ಯ. ಮದುವೇಲಿ ಅವಳಪ್ಪ ಗುಟ್ಟಾಗಿ ಕೊಟ್ಟಿದ್ದು, ಬೇಜಾರಾದ್ರೆ ಬಂದ್ಬಿಡು ಅಂತ. ನೀನು ತೋಟ ಹಿಡಿದ ದಿನ, ಇನ್ನು ಊರಿಗೆ ಹೋಗೋ ಮಾತಿಲ್ಲ ಅನ್ನೋ ಸಿಟ್ಟಲ್ಲಿ ತೋಟದಲ್ಲೇ ನಿನ್ನ ಬೆನ್ನಿಗೆ ಎಸೆದ್ಲು. ಗುರಿ ತಪ್ತು. ನಿನಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು.”

ಕ್ಲೆಮ್ ಕಿಟಕಿಯಾಚೆ ನೋಡಿದ. ಎಲ್ಲಿಯೂ ಒಂದು ಗುಡ್ಡವಿರಲಿಲ್ಲ.

“ಹಾಗಾದ್ರೆ ಭಾನುವಾರ ಕಳೆ ಕೀಳ್ತಿದ್ದದ್ದು?”

“ಎಲ್ಲಿಯ ಕಳೆ? ಅಷ್ಟೂ ವರ್ಷ ಅದನ್ನೇ ಹುಡುಕಿದ್ಲು.”

ಅವನು ಜೇಬಿನಿಂದ ಮಿಸ್ ಕ್ರೇಕ್‌ಳ ಚೀಟಿ ತೆಗೆದು ಇನ್ನೊಮ್ಮೆ ಓದಿದ. ‘ಡರ್ಹಮ್ ಟಂಕಸಾಲೆ. ಬಹುಶಃ ಆ ಕಡೆಯಿಂದ ಬಂದವರಾರೋ ಇಲ್ಲಿ ಕಳೆದುಕೊಂಡದ್ದು.’

ವಾಪಸು ಹೋಗಿ ತಿದ್ದಿಸೋಣವಾ ಎಂದು ಮ್ಯೂರಿಯಲ್ ಮೆಲ್ಲಗೆ ಕೇಳಿದಳು.

“ಬೇಡ,” ಎಂದ ಕ್ಲೆಮ್. “ಸರಿಯಾಗೇ ಬರೆದಿದ್ದಾಳೆ.”