ರಂಜಿತಳ ಕೈಗುಣ

ತೊಂಬತ್ತಾರರ ಆ ಬುಧವಾರ ಬೆಳಿಗ್ಗೆ ರಂಜಿತ ಮಾಡಿದ ತಪ್ಪು ಒಂದೇ. ಬಲಗೈಯ ಆರು ನರಹುಲಿಗಳಲ್ಲಿ ಕೊನೆಯದೂ ಕರಗಿಹೋಯಿತೆಂದು ಜಗಲಿಯಲ್ಲಿ ನಿಂತು ಅವ್ವನಿಗೆ ಕೂಗಿ ಹೇಳಿದಳು. ಅರಕೆರೆಯಲ್ಲಿ ಅಂಥ ಸುದ್ದಿಗೆ ಗೋಡೆ ಅಡ್ಡ ಬರುವುದಿಲ್ಲ.

ಅಂದು ಹನ್ನೊಂದಕ್ಕೆ ಶ್ರೀರಂಗಪಟ್ಟಣದಲ್ಲಿ ಅವಳ ಟೈಪಿಂಗ್ ಪರೀಕ್ಷೆ. ಪಾಸಾದರೆ ಪಾಂಡವಪುರದ ವಕೀಲರೊಬ್ಬರ ಬಳಿ ಕೆಲಸ ಖಾತ್ರಿ. ದಾರಿ ಒಂದು ಗಂಟೆಯದು; ಒಂಬತ್ತರ ಬಸ್ಸು ತಪ್ಪಿದರೆ ಮುಂದಿನದು ಹತ್ತೂವರೆಗೆ.

ಮೊದಲು ಬಂದವಳು ಪಕ್ಕದ ಮನೆಯ ದೊಡ್ಡತಾಯಮ್ಮ. "ಗಂಜಾಂ ಒಳೇಗೆ ಉಪ್ಪು ಬೆಲ್ಲ ಬುಟ್ಟು ಬಂದೋಳು ನಾನು. ಬೆಲ್ಲ ಕರಗ್ದಂಗೇ ಕರಗೋಯ್ತು ನೋಡು. ಈಗ್ಲೇ ಬಾ, ಕೈಮುಗ್ದು ಬರುಮ. ಇಲ್ದಿದ್ರೆ ಎರಡರಷ್ಟಾಗಿ ಬತ್ತವೆ."

ಎದುರು ಮನೆಯ ಚೌಡಯ್ಯ ಹಲ್ಲುಜ್ಜುತ್ತಲೇ ಬಂದ. "ಒಳೆ ಏನ್ ಮಾಡ್ತದೆ? ಪಟ್ಣದ ಜಟಕಾ ಕುದ್ರೆ ಬಾಲದ್ ಕೂದ್ಲು ತಂದು ಕಟ್ದೋನು ನಾನು."

"ಅದು ಮೂರ್ನೇ ದಿನ್ವೇ ಬಿದ್ದೋಯ್ತಲ್ಲ ಕಣ್ಲಾ ಚೌಡ."

"ಬಿದ್ರೇನು, ಗುಣ ಒಳಕ್ಕಿಳ್ದಿತ್ತು."

ಜಗಲಿ ಸೊಸೈಟಿ ಎಲೆಕ್ಷನ್ನಿನ ಎಣಿಕೆ ಮೇಜಿನಂತಾಯಿತು. ಗಂಟೆ ಎಂಟೂ ಮುಕ್ಕಾಲು.

ಪಟ್ಟಣದ ಲೇಡಿ ಡಾಕ್ಟರು ವರ್ಷದ ಹಿಂದೆಯೇ ರಂಜಿತಳಿಗೆ ಹೇಳಿದ್ದರು: ಇದು ವೈರಸ್ಸು. ಚರ್ಮದಲ್ಲೇ ಅವಿತಿರುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ, ಆದ್ದರಿಂದ ಮೈಗೆ ಬಹಳ ದಿನ ಗೊತ್ತೇ ಆಗುವುದಿಲ್ಲ. ಗೊತ್ತಾದ ಮೇಲೆ ಮೈಯೇ ಅದನ್ನು ಓಡಿಸುತ್ತದೆ. ಇದೇ ಜಾತಿಯ ಬೇರೆ ವೈರಸ್ಸುಗಳೂ ಇವೆ. ಹರೆಯದ ಹೆಣ್ಣುಮಕ್ಕಳ ಮೈ ಅವುಗಳಲ್ಲೂ ಬಹುಪಾಲನ್ನು ಒಂದೆರಡು ವರ್ಷದಲ್ಲಿ ತಾನೇ ಗೆದ್ದುಬಿಡುತ್ತದೆ.

"ನೀವಿಬ್ರೂ ಅಲ್ಲ," ಎಂದಳು ರಂಜಿತ. "ನನ್ ಮೈಯೇ ವಾಸಿ ಮಾಡ್ಕೊಂಡದೆ. ಡಾಕ್ಟ್ರೇ ಹೇಳವ್ರೆ."



"ಡಾಕ್ಟ್ರೇ ಹೇಳವ್ರಾ?" ದೊಡ್ಡತಾಯಮ್ಮ ನರಹುಲಿಯಿದ್ದ ತನ್ನ ಗದ್ದವನ್ನು ಮುಂದೆ ಚಾಚಿದಳು. "ಅಂಗಾರೆ ಗುಣ ನಿನ್ ಕೈಯಾಗೇ ಅದೆ ಅನ್ನು. ಇದ್ನೊಂಚೂರು ಸವರವ್ವ."

"ನನ್ ಮೈ ನಂದ್ನ ಓಡಿಸ್ತದೆ ಕಣ್ ದೊಡ್ಡವ್ವ, ನಿಂದ್ನಲ್ಲ."

"ಇನ್ನೂ ಕೆಲ್ಸ ಸಿಕ್ಕಿಲ್ಲ, ಆಗ್ಲೇ ಎಷ್ಟು ಬಿಗಿ ನೋಡು."

ಒಂಬತ್ತರ ಹೊತ್ತಿಗೆ ನರಹುಲಿಯಿದ್ದವರ ಸಾಲು ಹಾಲಿನ ಡೈರಿ ಮುಟ್ಟಿತ್ತು. ಸವರದೆ ದಾರಿ ಬಿಡುವವರಿರಲಿಲ್ಲ. ಬಸ್ಸು ಹೋಯಿತು.

ಚೌಡಯ್ಯನಿಗೆ ಪಾಪವೆನಿಸಿತು. "ಸೂಪರ್‌ವೈಜರ್ಗೆ ನಾನ್ ಹೇಳ್ತೀನಿ, ನಡಿ," ಎಂದು ಹತ್ತೂವರೆಯ ಬಸ್ಸಿಗೆ ತಾನೂ ಹತ್ತಿದ. ಪರೀಕ್ಷೆಯ ಕೋಣೆಯೊಳಗೆ ಯಂತ್ರಗಳು ತಗಡಿನ ಮೇಲಿನ ಆಲಿಕಲ್ಲಿನಂತೆ ಬಡಿದುಕೊಳ್ಳುತ್ತಿದ್ದವು. ಚೌಡಯ್ಯ ಬಾಗಿಲಲ್ಲಿ ನಿಂತು, ಬೆಲ್ಲದಿಂದ ಹಿಡಿದು ಡಾಕ್ಟರ ಮಾತು, ಸವರಿಸಿಕೊಂಡವರ ಸಾಲಿನವರೆಗೆ ಒಂದನ್ನೂ ಬಿಡದೆ ಒಪ್ಪಿಸಿದ. ಸೂಪರ್‌ವೈಸರು ಬಿಎಸ್ಸಿ ಓದಿದವರು. ಗಮನವಿಟ್ಟು ಕೇಳಿದರು.

"ಡಾಕ್ಟರು ಹೇಳಿದ್ದು ಸರಿಯಾಗಿದೆ. ಬೆಲ್ಲ, ಕುದುರೆ ಕೂದಲು ಎಲ್ಲ ಮೂಢನಂಬಿಕೆ ಕಣಯ್ಯ."

ರಂಜಿತಳಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಅರ್ಧ ಗಂಟೆ ಲೇಟು. ಒಳಗೆ ಬಿಡೋಕೆ ರೂಲ್ಸಿಲ್ಲ. ಆರು ತಿಂಗಳು ಬಿಟ್ಟು ಬಾಮ್ಮ."

ಬಾಗಿಲು ಮುಚ್ಚಿಕೊಳ್ಳುತ್ತಾ ಬಂದು, ಅಂಗೈಯಗಲ ಉಳಿದಾಗ ನಿಂತಿತು. ಆ ಸಂದಿಯಿಂದ ಒಂದು ಹೆಬ್ಬೆರಳು ಹೊರಬಂತು. ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ನರಹುಲಿ.

"ಹೆಂಗೂ ಇಲ್ಲಿತನಕ ಬಂದಿದೀಯ," ಎಂದಿತು ಒಳಗಿನ ದನಿ, ಮೆಲ್ಲಗೆ. "ಒಂದ್ಸಲ ಸವರಿ ಹೋಗು."